ಮಗು ಹೋಯಿತು, ದುಡ್ಡು ಹೋಯಿತು, ಖರ್ಚು ಮಾತ್ರ ಉಳಿಯಿತು

ಕಳೆದ ಸಂಚಿಕೆಯಲ್ಲಿ ಬೇರೇನೋ ಹೇಳುವಾಗ, ‘ಅಮೆರಿಕದಲ್ಲಿದ್ದಾಗ, 2016ರಲ್ಲಿ, ಚಾರ್ಟರ್ ಶಾಲೆಗಳು ಬೇಡ ಅಂತ ಮನೆಮನೆ ಬಾಗಿಲು ತಟ್ಟಿದವಳು ನಾನು’ ಎಂದು ಒಂದು ಸಾಲು ಬರೆದುಬಿಟ್ಟೆ. ಉಪ್ಪಿನಕಾಯಿಗೆ ಬೂಸ್ಟು ಹಿಡಿಯದಿರಲು ಏನು ಮಾಡಬೇಕು ಅಂತ ಕೇಳುವವರೂ ಈ ಸಲ ಅದನ್ನೇ ಕೇಳಿದ್ದಾರೆ. ಉಪ್ಪಿನಕಾಯಿ ಮುಂದಿನ ತಿಂಗಳಿಗೆ ಇರಲಿ.

ಪ್ರಶ್ನೆ: ಮೇಡಂ, ನನ್ನ ಮಗಳು-ಅಳಿಯ ಬಾಸ್ಟನ್ ಹತ್ತಿರ ಇದ್ದಾರೆ. ಮೊಮ್ಮಗಳಿಗೆ ಚಾರ್ಟರ್ ಶಾಲೆಯ ಲಾಟರಿಯಲ್ಲಿ ಸೀಟು ಸಿಕ್ಕಿದೆ. ಮಗಳಿಗೆ ಖುಷಿಯೋ ಖುಷಿ. ಅಳಿಯ ಮಾತ್ರ ‘ಊರಿನ ಶಾಲೆಗೇ ಹೋಗಲಿ’ ಅಂತ ಹಟ ಹಿಡಿದಿದ್ದಾರೆ. ಫೀಸಿಲ್ಲ, ಅದೂ ಸರ್ಕಾರದ ದುಡ್ಡಲ್ಲೇ ನಡೆಯುತ್ತದೆ ಅಂತಾರೆ. ಹಾಗಿದ್ದ ಮೇಲೆ ವಿರೋಧ ಯಾಕೆ?
— ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ಉತ್ತರ: ಸರ್, ನೀವು ಬ್ಯಾಂಕಿನವರು, ಲೆಕ್ಕದಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಮೊದಲು ಒಂದು ಮಾತು. ನಮ್ಮಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ಟೈ ಕಟ್ಟುವ, ಫೀಸು ಕೀಳುವ ಖಾಸಗಿ ಶಾಲೆ. ಅಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ಊರಿನ ಸರ್ಕಾರಿ ಶಾಲೆ. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಕ್ಕಳು ಓದುವುದು ಅಲ್ಲೇ. ಡಾಕ್ಟರ ಮಗಳು, ಅಂಗಡಿ ಗುಡಿಸುವವನ ಮಗ ಒಂದೇ ಹಳದಿ ಬಸ್ಸು ಹತ್ತುತ್ತಾರೆ.

ಚಾರ್ಟರ್ ಎಂದರೆ ಸನ್ನದು. ‘ಇಂತಿಂಥ ಹಾಗೆ ಶಾಲೆ ನಡೆಸುತ್ತೇವೆ’ ಎಂದು ಒಂದು ಗುಂಪು ಸರ್ಕಾರಕ್ಕೆ ಬರೆದುಕೊಡುತ್ತದೆ. ಒಪ್ಪಿಗೆಯಾದರೆ ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 5 ವರ್ಷಕ್ಕೆ ಸನ್ನದು ಸಿಗುತ್ತದೆ. ಫೀಸಿಲ್ಲ, ಪ್ರವೇಶ ಪರೀಕ್ಷೆ ಇಲ್ಲ, ಅರ್ಜಿ ಜಾಸ್ತಿ ಬಂದರೆ ಲಾಟರಿ. ದುಡ್ಡು ಸರ್ಕಾರದ್ದು, ಆಡಳಿತ ಆ ಗುಂಪಿನದು. ತಮಾಷೆ ಎಂದರೆ 1988ರಲ್ಲಿ ಈ ಆಲೋಚನೆಯನ್ನು ದೇಶಕ್ಕೆಲ್ಲ ಸಾರಿದವರಲ್ಲಿ ಶಿಕ್ಷಕರ ಯೂನಿಯನ್ನಿನ ಅಧ್ಯಕ್ಷ ಆಲ್ಬರ್ಟ್ ಶಾಂಕರ್ ಕೂಡ ಇದ್ದರು. ಸರ್ಕಾರಿ ಶಾಲೆಯ ಟೀಚರುಗಳೇ ಒಂದು ಪ್ರಯೋಗ ಮಾಡಲಿ, ಕಲಿತದ್ದನ್ನು ಉಳಿದ ಶಾಲೆಗಳಿಗೂ ಹಂಚಲಿ ಅನ್ನುವುದು ಅವರ ಆಸೆ. 1991ರಲ್ಲಿ ಮಿನೆಸೋಟ ಮೊದಲ ಕಾನೂನು ಮಾಡಿತು, 1993ರಲ್ಲಿ ಮ್ಯಾಸಚೂಸೆಟ್ಸ್ ಕೂಡ ಮಾಡಿತು. ಅಷ್ಟು ಹೊತ್ತಿಗೆ ಶಾಂಕರ್ ಅವರೇ ‘ನಾನು ಕೇಳಿದ್ದು ಇದಲ್ಲ’ ಎಂಬಂತೆ ಅದರ ವಿರುದ್ಧ ತಿರುಗಿದ್ದರು.

ಈಗ ಲೆಕ್ಕ. ನಾನು ಬಾಸ್ಟನ್ ಪಕ್ಕದ ಒಂದು ಊರಿನ ಪ್ರೈಮರಿ ಶಾಲೆಯಲ್ಲಿ 17 ವರ್ಷ ಸಹಾಯಕಿಯಾಗಿದ್ದೆ. ಇಂಗ್ಲಿಷ್ ಬಾರದ ಮಕ್ಕಳ ಪಕ್ಕ ಕೂತು ಓದಿಸುವುದು, ಮೂಗು ಒರೆಸುವುದು, ಚಳಿಗಾಲದಲ್ಲಿ ಇಪ್ಪತ್ತು ಮಕ್ಕಳ ಕೋಟಿಗೆ ಜಿಪ್ ಹಾಕುವುದು, ಎಲ್ಲವೂ ನನ್ನ ಕೆಲಸ. ಒಂದು ವರ್ಷ ನಮ್ಮ ಶಾಲೆಯಿಂದ 9 ಮಕ್ಕಳು ಚಾರ್ಟರ್ ಶಾಲೆಗೆ ಹೋದರು. ಒಂದನೇ ತರಗತಿಯಿಂದ ಇಬ್ಬರು, ಎರಡರಿಂದ ಒಬ್ಬಳು, ಮೂರರಿಂದ ಮೂವರು, ನಾಲ್ಕರಿಂದ ಇಬ್ಬರು, ಐದರಿಂದ ಒಬ್ಬ. ಮಗುವಿನ ಹಿಂದೆ ಅದರ ದುಡ್ಡೂ ಹೋಗುತ್ತದೆ, ತಲೆಗೆ ಹತ್ತು ಸಾವಿರ ಡಾಲರಿಗಿಂತ ಹೆಚ್ಚು. ಒಂಬತ್ತು ಮಕ್ಕಳೆಂದರೆ ಲಕ್ಷ ಡಾಲರಿನ ಆಸುಪಾಸು.

ಖರ್ಚು ಎಷ್ಟು ಕಡಿಮೆಯಾಯಿತು ಹೇಳಿ? ಮೂರನೇ ತರಗತಿಯಲ್ಲಿ 24 ಮಕ್ಕಳಿದ್ದದ್ದು 21 ಆಯಿತು. ಟೀಚರ್ ಒಬ್ಬರು ಬೇಕೇ ಬೇಕು. ಬಸ್ಸು ಅದೇ ದಾರಿಯಲ್ಲಿ ಓಡಬೇಕು. ಫೆಬ್ರವರಿಯಲ್ಲಿ ಹೊರಗೆ ಮಂಜು ಬೀಳುವಾಗ ಕಟ್ಟಡ ಬೆಚ್ಚಗಿಡಬೇಕು. ಒಂಬತ್ತು ಮಕ್ಕಳು ಕಡಿಮೆ ಅಂತ ಬಾಯ್ಲರಿಗೆ ಗೊತ್ತಾಗುತ್ತದೆಯೇ? ಒಂದೇ ತರಗತಿಯಿಂದ 24 ಮಕ್ಕಳು ಒಟ್ಟಿಗೆ ಹೋಗಿದ್ದರೆ ಒಂದು ಕೋಣೆಗೆ ಬೀಗ ಹಾಕಬಹುದಿತ್ತು. ಹಾಗೆ ಯಾರೂ ಹೋಗುವುದಿಲ್ಲ, ಅಲ್ಲೊಬ್ಬರು ಇಲ್ಲೊಬ್ಬರು ಹೋಗುತ್ತಾರೆ. ಕೊನೆಗೆ ಆದದ್ದೇನೆಂದರೆ ಲೈಬ್ರರಿಯವರು ಅರ್ಧ ದಿನದವರಾದರು. ಸಂಗೀತದ ಮೇಷ್ಟ್ರನ್ನು ಮೂರು ಶಾಲೆಗೆ ಹಂಚಿದರು, ನಮಗೆ ಗುರುವಾರ ಮಾತ್ರ ಸಿಕ್ಕಿದರು.

‘ಊರಿನವರು ತೆರಿಗೆ ಹೆಚ್ಚಿಸಿ ತುಂಬಿಕೊಳ್ಳಲಿ’ ಅನ್ನಬಹುದು ನೀವು. ಅದಕ್ಕೂ ಬೇಲಿ ಇದೆ. 1980ರ ಒಂದು ಕಾನೂನಿನ ಪ್ರಕಾರ ಊರಿನ ಒಟ್ಟು ಆಸ್ತಿ ತೆರಿಗೆಯನ್ನು ವರ್ಷಕ್ಕೆ ಎರಡೂವರೆ ಪರ್ಸೆಂಟಿಗಿಂತ ಹೆಚ್ಚು ಏರಿಸುವಂತಿಲ್ಲ. ಹೊಸ ಕಟ್ಟಡಗಳಿಂದ ಬರುವುದು ಬೇರೆ. ಅದಕ್ಕೂ ಮೀರಿ ಬೇಕೆಂದರೆ ಊರಿನವರು ವೋಟು ಹಾಕಿ ಒಪ್ಪಬೇಕು. ರಾಜ್ಯ ಕೊಡುವ ಅನುದಾನದ ಚೀಟಿಗೆ ಅಲ್ಲಿ ‘ಚೆರ್ರಿ ಶೀಟ್’ ಅನ್ನುತ್ತಾರೆ. ಹಿಂದೆ ಅದನ್ನು ಚೆರ್ರಿ ಹಣ್ಣಿನ ಬಣ್ಣದ ಕಾಗದದಲ್ಲಿ ಅಚ್ಚು ಹಾಕುತ್ತಿದ್ದರಂತೆ. ಅದರಲ್ಲೇ ಚಾರ್ಟರ್ ಮಕ್ಕಳ ದುಡ್ಡನ್ನು ಮುರಿದುಕೊಂಡು ಉಳಿದದ್ದನ್ನು ಊರಿಗೆ ಕಳಿಸುತ್ತಾರೆ. ಏಟು ತಡೆದುಕೊಳ್ಳಲಿ ಅಂತ ಆ ದಿನಗಳಲ್ಲಿ ಒಂದು ಪರಿಹಾರವೂ ಇತ್ತು. ಹೆಚ್ಚಿದ ಹೊರೆಯ ಪೂರ್ತಿ ಮೊತ್ತ ಮೊದಲ ವರ್ಷ, ಮುಂದಿನ ಐದು ವರ್ಷ ಕಾಲು ಭಾಗ. ಕಾಗದದ ಮೇಲೆ ಚೆಂದ. ವರ್ಷಗಟ್ಟಲೆ ಶಾಸನಸಭೆ ಅದನ್ನು ಪೂರ್ತಿ ಕೊಡಲಿಲ್ಲ.

ನಿಮ್ಮ ಅಳಿಯ ಹಟಮಾರಿಯಲ್ಲ ಸರ್, ಚೆರ್ರಿ ಶೀಟು ಓದಿದವರು. ಹಾಗಂತ ಮಗಳ ಖುಷಿಯೂ ತಪ್ಪಲ್ಲ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಪ್ರಶ್ನೆ: ಅಕ್ಕ, ನಾನು ಹಳ್ಳಿ ಶಾಲೆಯ ಟೀಚರ್. ನಮ್ಮ ಅನುದಾನಿತ ಶಾಲೆಗಳೂ ಹೀಗೇ ಅಲ್ವಾ? ಸಂಬಳ ಸರ್ಕಾರದ್ದು, ಆಡಳಿತ ಮಂಡಳಿಯದು. ಅವನ್ನು ಯಾರೂ ವಿರೋಧಿಸುವುದಿಲ್ಲವಲ್ಲ?
— ಹಾಸನ ಜಿಲ್ಲೆಯಿಂದ

ಉತ್ತರ: ಮೇಲ್ನೋಟಕ್ಕೆ ಅಣ್ಣತಮ್ಮಂದಿರೇ. ಆದರೆ ನಮ್ಮ ಅನುದಾನಿತ ಶಾಲೆಗಳಲ್ಲಿ ಎಷ್ಟೋ ಹುಟ್ಟಿದ್ದು ಸರ್ಕಾರಿ ಶಾಲೆಯೇ ಇಲ್ಲದ ಕಡೆ. ಮಠದವರೋ ಊರಿನ ಹಿರಿಯರೋ ಮೊದಲು ಕಟ್ಟಿದರು, ಸರ್ಕಾರ ಆಮೇಲೆ ಬಂತು. ಚಾರ್ಟರ್ ಬರುವುದು ಶಾಲೆ ಇರುವ ಊರಿಗೇ, ಇರುವ ಶಾಲೆಯ ಪಾಲಿನಿಂದಲೇ.

ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಬೇಕೆಂದರೆ ಆರ್‌ಟಿಇ ಸೀಟು ನೋಡು. 2012ರಿಂದ ಖಾಸಗಿ ಶಾಲೆಗಳ ಕಾಲು ಭಾಗ ಸೀಟಿಗೆ ಸರ್ಕಾರ ಫೀಸು ಕಟ್ಟಿತು. ಬಡ ಮಕ್ಕಳಿಗೆ ಒಳ್ಳೆಯದಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ನಿನ್ನಂಥವರ ಹಾಜರಿ ಪುಸ್ತಕ ತೆಳ್ಳಗಾಯಿತು. ದಾಖಲಾತಿ ಇಳಿದ ತಕ್ಷಣ ‘ಹೆಚ್ಚುವರಿ ಶಿಕ್ಷಕರು’ ಅಂತ ಪಟ್ಟಿ ಬರುತ್ತದೆ, ಇದ್ದ ಇಬ್ಬರಲ್ಲಿ ಒಬ್ಬರು ಎತ್ತಂಗಡಿ. ಉಳಿದ ಒಬ್ಬರು ಐದು ತರಗತಿ, ಬಿಸಿಯೂಟ, ಜನಗಣತಿ ಎಲ್ಲ ನೋಡಬೇಕು. ಆಗ ಉಳಿದ ಅಪ್ಪ-ಅಮ್ಮಂದಿರೂ ಮಕ್ಕಳನ್ನು ಬಿಡಿಸುತ್ತಾರೆ. 2019ರಲ್ಲಿ ಕರ್ನಾಟಕ ನಿಯಮ ಬದಲಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟಿಗೆ ದುಡ್ಡು ಕೊಡುವುದಿಲ್ಲ ಅಂದಿತು. ಆವತ್ತು ನನ್ನ ಗೆಳತಿಯರಲ್ಲೇ ಎರಡು ಪಕ್ಷವಾಯಿತು. ನಾನು ತಿಪಟೂರು ತಾಲ್ಲೂಕಿನ ಎರಡು ಕೋಣೆಯ ಶಾಲೆಯಲ್ಲಿ 11 ವರ್ಷ ಪಾಠ ಹೇಳಿದವಳು. ಯಾವ ಪಕ್ಷ ಅಂತ ಹೇಳಬೇಕಾಗಿಲ್ಲ ತಾನೇ?

ಪ್ರಶ್ನೆ: ಆಂಟಿ, ಪೈಪೋಟಿ ಇದ್ದರೆ ತಾನೇ ಸುಧಾರಿಸೋದು? ಚೆನ್ನಾಗಿ ಕಲಿಸುವ ಶಾಲೆಗೆ ಮಕ್ಕಳು ಹೋದರೆ ಕೆಟ್ಟ ಶಾಲೆ ತಾನಾಗಿ ಸರಿಹೋಗುತ್ತೆ. ಯೂನಿಯನ್ನಿನವರು ಕೆಲಸ ಉಳಿಸಿಕೊಳ್ಳಲು ಕೂಗಾಡುತ್ತಾರೆ ಅಷ್ಟೆ.
— ಬೆಂಗಳೂರಿನ ಓದುಗ

ಉತ್ತರ: ಆಂಟಿ ಅಂದದ್ದನ್ನು ಕ್ಷಮಿಸಿದ್ದೇನೆ. ಯೂನಿಯನ್ ವಿಷಯ ಮೊದಲು ಮುಗಿಸೋಣ. ಹೌದು ಮರಿ, ನಾನೂ ಯೂನಿಯನ್ನಿನಲ್ಲಿದ್ದೆ, ಚಂದಾ ಕಟ್ಟುತ್ತಿದ್ದೆ. 2016ರ ಆ ಹೋರಾಟದಲ್ಲಿ ನಮ್ಮ ಕಡೆಯ ದುಡ್ಡು ಬಹುಪಾಲು ಶಿಕ್ಷಕರ ಯೂನಿಯನ್‌ಗಳದ್ದೇ. ಮುಚ್ಚಿಡುವುದೇನಿದೆ?

ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ಬಾಸ್ಟನ್ನಿನ ಚಾರ್ಟರ್ ಶಾಲೆಗಳು ಒಟ್ಟಾರೆ ಚೆನ್ನಾಗಿಯೇ ಕಲಿಸುತ್ತವೆ. ಎಂಐಟಿ ಮತ್ತು ಹಾರ್ವರ್ಡಿನ ಅರ್ಥಶಾಸ್ತ್ರಜ್ಞರು ಲಾಟರಿಯಲ್ಲಿ ಗೆದ್ದ ಮಕ್ಕಳನ್ನೂ ಸೋತ ಮಕ್ಕಳನ್ನೂ ಹೋಲಿಸಿ ನೋಡಿದರು. ಗೆದ್ದವರ ಅಂಕಗಳು, ಅದರಲ್ಲೂ ಗಣಿತದಲ್ಲಿ, ಒಳ್ಳೆಯ ಏರಿಕೆ ಕಂಡಿದ್ದವು. ನಮ್ಮ ಸ್ಟಾಫ್ ರೂಮಿನಲ್ಲಿ ಈ ಮಾತು ಎತ್ತಿದರೆ ಮುಖ ತಿರುಗಿಸುತ್ತಿದ್ದರು. ನನಗದು ಸರಿ ಕಾಣುತ್ತಿರಲಿಲ್ಲ.

ಆದರೆ ಶಾಲೆ ಅಂಗಡಿಯಲ್ಲ. ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಸೆಪ್ಟೆಂಬರಿನಲ್ಲಿ ಚಾರ್ಟರ್ ಶಾಲೆಗೆ ಹೋದವನು ಚಳಿ ಮುಗಿಯುವ ಮೊದಲೇ ವಾಪಸ್ ಬಂದ. ಯಾವ ಶಾಲೆ ಅಂತ ಬೇಡ. ಕೂತಲ್ಲಿ ಕೂರದ ಹುಡುಗ. ಅವನ ಅಮ್ಮನನ್ನು ವಾರಕ್ಕೆ ಎರಡು ಸಲ ಕೆಲಸದ ಹೊತ್ತಿನಲ್ಲಿ ಕರೆಸುತ್ತಿದ್ದರಂತೆ. ಯಾರೂ ಹೊರಗೆ ಹಾಕಲಿಲ್ಲ, ಯಾವ ಪತ್ರವನ್ನೂ ಕೊಡಲಿಲ್ಲ. ‘ಈ ಜಾಗ ಇವನಿಗೆ ಹೊಂದುತ್ತಿಲ್ಲವೇನೋ, ಯೋಚನೆ ಮಾಡಿ’ ಅಂದರಂತೆ. ಯೋಚನೆ ಮಾಡಿ ಮಾಡಿ ಆಕೆ ಕೆಲಸ ಕಳೆದುಕೊಳ್ಳುವ ಹಂತಕ್ಕೆ ಬಂದಳು. ಕೊನೆಗೆ ಮಗನ ಕೈ ಹಿಡಿದುಕೊಂಡು ನಮ್ಮ ಗೇಟಿಗೆ ಬಂದಳು. ನಾವು ‘ಹೊಂದುತ್ತಿಲ್ಲ’ ಅನ್ನುವ ಹಾಗಿಲ್ಲ. ಜನವರಿಯಲ್ಲಿ ಬ್ರೆಜಿಲ್‌ನಿಂದ ಇಳಿದ ಮಗು, ಮಾರ್ಚಿನಲ್ಲಿ ಮನೆ ಕಳೆದುಕೊಂಡು ಬಂದ ಮಗು, ವೀಲ್‌ಚೇರಿನ ಮಗು, ಯಾರು ಯಾವತ್ತು ಬಂದರೂ ಸೇರಿಸಿಕೊಳ್ಳಬೇಕು. ಹಾಗೆ ಸೇರಿಸಿಕೊಳ್ಳುವವರನ್ನೂ ಸೇರಿಸಿಕೊಳ್ಳದವರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ‘ಓಡಿ’ ಅಂದರೆ ಅದು ಯಾವ ಪೈಪೋಟಿ?

ಅಂಗಡಿ ಮುಚ್ಚಿದರೆ ಪಕ್ಕದ ಅಂಗಡಿಗೆ ಹೋಗಬಹುದು. 2018ರ ಜನವರಿಯಲ್ಲಿ ಓಹಾಯೊ ರಾಜ್ಯದ ಒಂದು ಆನ್‌ಲೈನ್ ಚಾರ್ಟರ್ ಶಾಲೆ ವರ್ಷದ ನಡುವೆ ಬಾಗಿಲು ಹಾಕಿತು. ಸುಮಾರು 12 ಸಾವಿರ ಮಕ್ಕಳಿದ್ದರು. ಲೆಕ್ಕದಲ್ಲಿ ತೋರಿಸಿದಷ್ಟು ಮಕ್ಕಳು ನಿಜವಾಗಿ ಓದುತ್ತಿದ್ದಾರೆ ಅಂತ ತೋರಿಸಲಾಗದೆ, ಕೋಟಿಗಟ್ಟಲೆ ಡಾಲರ್ ವಾಪಸ್ ಕೊಡಿ ಅಂತ ಸರ್ಕಾರ ಕೇಳಿತ್ತು. ಆ ಮಕ್ಕಳು ಆಮೇಲೆ ಎಲ್ಲಿಗೆ ಹೋಗಬೇಕಾಗಿತ್ತು? ಬಹುತೇಕರು ಊರಿನ ಶಾಲೆಗಳಿಗೇ.

ಪ್ರಶ್ನೆ: 2016ರಲ್ಲಿ ಏನಾಯಿತು? ನೀವು ಬಾಗಿಲು ತಟ್ಟಿದ ಕಥೆ ಪೂರ್ತಿ ಹೇಳಿ.
— ಮೂವರು ಓದುಗರು (ಮೈಸೂರು, ಉಡುಪಿ, ಸಿರಸಿ)

ಉತ್ತರ: ಅಲ್ಲಿ ಜನರೇ ನೇರವಾಗಿ ಕಾನೂನಿಗೆ ವೋಟು ಹಾಕುವ ಪದ್ಧತಿ ಇದೆ. ಆ ನವೆಂಬರ್ 8ರಂದು ಅಧ್ಯಕ್ಷರ ಚುನಾವಣೆಯ ಜೊತೆಗೆ ಮ್ಯಾಸಚೂಸೆಟ್ಸ್‌ನಲ್ಲಿ ನಾಲ್ಕು ಪ್ರಶ್ನೆಗಳಿದ್ದವು. ಇನ್ನೊಂದು ಜೂಜಿನ ಮನೆ ಬೇಕೇ? ಚಾರ್ಟರ್ ಶಾಲೆ ಹೆಚ್ಚಿಸಬೇಕೇ? ಕೋಳಿ, ಹಂದಿ, ಕರುಗಳನ್ನು ಇಕ್ಕಟ್ಟಿನ ಗೂಡಿನಲ್ಲಿ ಸಾಕಬಹುದೇ? ಗಾಂಜಾ ಕಾನೂನುಬದ್ಧ ಮಾಡಬೇಕೇ? ಜನ ಜೂಜು ಬೇಡ ಅಂದರು, ಕೋಳಿಗೆ ಜಾಗ ಕೊಡಿ ಅಂದರು, ಗಾಂಜಾ ಇರಲಿ ಅಂದರು. ನನ್ನ ಯಜಮಾನರು ವಾರಗಟ್ಟಲೆ ನಕ್ಕರು.

ಚಾರ್ಟರ್ ಶಾಲೆಗೆ ಆಗ ಒಂದು ಮಿತಿ ಇತ್ತು. ಒಂದು ಊರಿನ ಶಾಲಾ ಖರ್ಚಿನಲ್ಲಿ ಇಷ್ಟು ಪರ್ಸೆಂಟಿಗಿಂತ ಹೆಚ್ಚು ಚಾರ್ಟರಿಗೆ ಹೋಗುವಂತಿಲ್ಲ ಅಂತ. ಸಾಮಾನ್ಯ ಊರಿಗೆ 9, ಅಂಕಗಳಲ್ಲಿ ತೀರಾ ಹಿಂದುಳಿದ ಊರಿಗೆ 18. ಆ ಮಿತಿ ದಾಟಿ ವರ್ಷಕ್ಕೆ 12 ಶಾಲೆವರೆಗೂ ಒಪ್ಪಿಗೆ ಕೊಡಬಹುದು ಅನ್ನುವುದೇ ಎರಡನೇ ಪ್ರಶ್ನೆ. ಎಷ್ಟು ವರ್ಷ? ಅದಕ್ಕೆ ಕೊನೆಯೇ ಇರಲಿಲ್ಲ. ಗವರ್ನರ್ ಚಾರ್ಲಿ ಬೇಕರ್ ‘ಹೌದು’ ಕಡೆ. ಸೆನೆಟರ್ ಎಲಿಜಬೆತ್ ವಾರೆನ್ ‘ಬೇಡ’ ಕಡೆ. ಬಾಸ್ಟನ್ ಮೇಯರ್ ಮಾರ್ಟಿ ವಾಲ್ಶ್ ತಾವೇ ಹಿಂದೆ ಒಂದು ಚಾರ್ಟರ್ ಶಾಲೆಯ ಮಂಡಳಿಯಲ್ಲಿದ್ದವರು, ಅವರೂ ಇದಕ್ಕೆ ಬೇಡ ಅಂದರು. ಅದೇ ಮಾರ್ಚಿನಲ್ಲಿ ಬಾಸ್ಟನ್ನಿನ ಸಾವಿರಾರು ಹೈಸ್ಕೂಲ್ ಮಕ್ಕಳು ಬಜೆಟ್ ಕಡಿತ ವಿರೋಧಿಸಿ ತರಗತಿ ಬಿಟ್ಟು ಬೀದಿಗೆ ಬಂದಿದ್ದರು. ನಮ್ಮಂಥ ದೊಡ್ಡವರಿಗೆ ಧೈರ್ಯ ಬಂದದ್ದು ಆ ಮಕ್ಕಳಿಂದ.

ಅಕ್ಟೋಬರಿನ ಶನಿವಾರಗಳಲ್ಲಿ ಸ್ವೆಟರ್ ಮೇಲೆ ಕೋಟು ಹಾಕಿಕೊಂಡು, ಕೈಯಲ್ಲಿ ಕರಪತ್ರ ಹಿಡಿದು ಹೊರಡುತ್ತಿದ್ದೆ. ನನ್ನ ಇಂಗ್ಲಿಷ್ ಕೇಳಿ ಕೆಲವರು ‘ಏನು ಮಾರುತ್ತಿದ್ದೀರಿ?’ ಅಂದರು. ನಾಯಿಗಳು ಓಡಿಸಿದವು. ಒಬ್ಬ ಮುದುಕರು ಮಾತ್ರ ಬಾಗಿಲಲ್ಲೇ ನಿಂತು ಅರ್ಧ ಗಂಟೆ ಮಾತಾಡಿದರು. ‘ನನಗೆ ಮಕ್ಕಳಿಲ್ಲ. ಆದರೆ ತೆರಿಗೆ ಕಟ್ಟುತ್ತೇನೆ, ಊರಿನ ಸ್ಕೂಲ್ ಕಮಿಟಿಗೆ ವೋಟು ಹಾಕುತ್ತೇನೆ. ಅವರು ಹದಗೆಡಿಸಿದರೆ ಮುಂದಿನ ಸಲ ಮನೆಗೆ ಕಳಿಸುತ್ತೇನೆ. ಆ ಇನ್ನೊಂದು ಶಾಲೆಯ ಬೋರ್ಡನ್ನು ನಾನು ಮನೆಗೆ ಕಳಿಸೋದು ಹೇಗೆ?’ ಅಂದರು. ಕರಪತ್ರದಲ್ಲಿದ್ದ ಎಲ್ಲ ಅಂಕಿಗಿಂತ ಅದು ಚೆನ್ನಾಗಿತ್ತು. ಮುಂದಿನ ಎಲ್ಲ ಮನೆಗಳಲ್ಲಿ ಅವರ ಮಾತನ್ನೇ ಹೇಳಿದೆ. (ಬಾಸ್ಟನ್ ನಗರದಲ್ಲಿ ಆ ಮಾತು ನಡೆಯುತ್ತಿರಲಿಲ್ಲ. ಅಲ್ಲಿನ ಸ್ಕೂಲ್ ಕಮಿಟಿಯನ್ನು ಮೇಯರೇ ನೇಮಿಸುತ್ತಾರೆ. ಅಲ್ಲಿ ನಾನು ಬಾಯ್ಲರಿನ ಕಥೆ ಹೇಳುತ್ತಿದ್ದೆ.)

ಆ ಮುದುಕರ ಮಾತಿಗೆ ಕೋರ್ಟಿನ ಮುದ್ರೆಯೂ ಇತ್ತು. ನಮ್ಮ ಕನ್ನಡದವರು ತುಂಬ ಇರುವ ಸಿಯಾಟಲ್ ಕಡೆ, ವಾಷಿಂಗ್ಟನ್ ರಾಜ್ಯದಲ್ಲಿ, ಜನ 1996, 2000, 2004ರಲ್ಲಿ ಮೂರು ಸಲ ಚಾರ್ಟರ್ ಬೇಡ ಅಂದಿದ್ದರು. 2012ರಲ್ಲಿ ಕೂದಲೆಳೆಯಲ್ಲಿ ಹೌದು ಅಂದರು. 2015ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಆ ಕಾನೂನನ್ನು ತಳ್ಳಿಹಾಕಿತು. ಜನ ಆರಿಸಿದ ಮಂಡಳಿ ಇಲ್ಲದ ಶಾಲೆ ಸಂವಿಧಾನ ಹೇಳುವ ‘ಸಾರ್ವಜನಿಕ ಶಾಲೆ’ ಅಲ್ಲ, ಅಂಥ ಶಾಲೆಗಳಿಗೆ ಮೀಸಲಾದ ನಿಧಿ ಚಾರ್ಟರಿಗೆ ಸಲ್ಲದು ಎಂದಿತು. ಮುಂದಿನ ವರ್ಷ ರಾಜ್ಯದವರು ಲಾಟರಿ ಟಿಕೆಟ್ ಮಾರಾಟದ ಆದಾಯದಿಂದ ದುಡ್ಡು ಕೊಡುವ ಹೊಸ ಕಾನೂನು ತಂದರು. ಸೀಟಿಗೂ ಲಾಟರಿ, ದುಡ್ಡಿಗೂ ಲಾಟರಿ!

ಮತ್ತೆ ಮ್ಯಾಸಚೂಸೆಟ್ಸ್‌ಗೆ ಬರೋಣ. ‘ಹೌದು’, ‘ಬೇಡ’ ಎರಡೂ ಕಡೆ ಸೇರಿ 4 ಕೋಟಿ ಡಾಲರಿಗೂ ಹೆಚ್ಚು ಸುರಿದರು. ಟಿವಿ ಹಾಕಿದರೆ ಅದೇ ಜಾಹೀರಾತು. ವರ್ಷದ ಶುರುವಿನಲ್ಲಿ ಸಮೀಕ್ಷೆಗಳು ‘ಹೌದು’ ಕಡೆಗಿದ್ದವು. ಫಲಿತಾಂಶ ಬಂದಾಗ ‘ಬೇಡ’ ನೂರಕ್ಕೆ 62, ‘ಹೌದು’ 38. ಆ ರಾತ್ರಿ ದೇಶದ ಫಲಿತಾಂಶ ನೋಡುತ್ತಿದ್ದ ನಮ್ಮ ಮನೆಯಲ್ಲಿ ಯಾರಿಗೂ ಸಂಭ್ರಮ ಪಡುವ ಮನಸ್ಸಿರಲಿಲ್ಲ, ಅದು ಬೇರೆ ಮಾತು.

ಮರುವರ್ಷ ಒಂದು ಸುದ್ದಿ ಬಂತು. ‘ಹೌದು’ ಕಡೆಗೆ ಒಂದೂವರೆ ಕೋಟಿ ಡಾಲರ್ ಕೊಟ್ಟಿದ್ದ, ನ್ಯೂಯಾರ್ಕ್ ಮೂಲದ ಒಂದು ಸಂಘ ದಾನಿಗಳ ಹೆಸರು ಮುಚ್ಚಿಟ್ಟಿತ್ತು ಅಂತ ರಾಜ್ಯದ ಚುನಾವಣಾ ಹಣಕಾಸು ಕಚೇರಿ 4 ಲಕ್ಷ 26 ಸಾವಿರ ಡಾಲರ್ ಕಟ್ಟಿಸಿತು, ಹೆಸರುಗಳನ್ನೂ ಹೊರಹಾಕಿಸಿತು. ಪಟ್ಟಿಯಲ್ಲಿ ರಾಜ್ಯ ಶಿಕ್ಷಣ ಮಂಡಳಿಯ ಅಂದಿನ ಅಧ್ಯಕ್ಷರೂ ಇದ್ದರು. ಸನ್ನದು ಕೊಡುವ ಮಂಡಳಿಯೇ ಅದು! ಆ ಪತ್ರಿಕೆಯ ತುಣುಕನ್ನು ಮುದುಕರ ಮನೆಯ ಅಂಚೆಪೆಟ್ಟಿಗೆಗೆ ಹಾಕಿ ಬಂದೆ.

2019ರಲ್ಲಿ ರಾಜ್ಯ ಹೊಸ ಕಾನೂನು ಮಾಡಿ, ಏಳು ವರ್ಷದಲ್ಲಿ ಶಾಲೆಗಳಿಗೆ ವರ್ಷಕ್ಕೆ 150 ಕೋಟಿ ಡಾಲರ್ ಹೆಚ್ಚಿಗೆ ಕೊಡುವ ಹಾದಿ ಹಾಕಿತು, ಬಡ ಊರುಗಳಿಗೆ ಹೆಚ್ಚು ಪಾಲು. ನಮ್ಮ ಜಗಳ ಮೊದಲಿಂದಲೂ ಇದಕ್ಕೇ. ನಾನು ನಿವೃತ್ತಳಾಗುವ ವರ್ಷ ಲೈಬ್ರರಿಯವರು ಮತ್ತೆ ಪೂರ್ತಿ ದಿನದವರಾಗಿದ್ದರು.

ಪ್ರಶ್ನೆ: ನಿಮ್ಮ ಮಗನನ್ನು ಎಲ್ಲಿ ಓದಿಸಿದಿರಿ? ಊರಿಗೆ ಉಪದೇಶ ಹೇಳುವವರನ್ನು ಕೇಳಲೇಬೇಕಾದ ಪ್ರಶ್ನೆ.
— ದಾವಣಗೆರೆ

ಉತ್ತರ: ಕೇಳಲೇಬೇಕು. ಅವನು ಓದಿದ್ದು ಊರಿನ ಶಾಲೆಯಲ್ಲೇ, ಒಂದನೇ ತರಗತಿಯಿಂದ ಹನ್ನೆರಡರವರೆಗೆ. ಶಾಲೆ ಕೊಟ್ಟ ಟ್ರಂಪೆಟ್ ಊದುತ್ತಿದ್ದ. ಸಂಗೀತ ಗುರುವಾರಕ್ಕೆ ಇಳಿದ ಮೇಲೆ ಬ್ಯಾಂಡ್ ನಿಂತಿತು. ಟ್ರಂಪೆಟ್ ಒರೆಸಿ ಪೆಟ್ಟಿಗೆಯಲ್ಲಿಟ್ಟು ವಾಪಸ್ ಕೊಟ್ಟು ಬಂದೆವು.

ಇಲ್ಲಿ ಶಿವಮೊಗ್ಗದ ಸರ್‌ಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕು. ನಮ್ಮ ಶಾಲೆಯಲ್ಲಿ ನೆಲ ಒರೆಸುತ್ತಿದ್ದ ಹೈಟಿ ದೇಶದ ಗೆಳತಿಯೊಬ್ಬಳಿದ್ದಳು. ಅವಳ ಮಗಳಿಗೆ ಲಾಟರಿಯಲ್ಲಿ ಸೀಟು ಬಂದ ದಿನ ನಮಗೆಲ್ಲ ಕೇಕ್ ತಂದಿದ್ದಳು. ನಾನೂ ತಿಂದೆ. ವೋಟಿನ ದಿನ ಒಂದೇ ಸಾಲಿನಲ್ಲಿ ಹಿಂದೆಮುಂದೆ ನಿಂತಿದ್ದೆವು. ಅವಳದ್ದು ಹೌದು, ನನ್ನದು ಬೇಡ, ಇಬ್ಬರಿಗೂ ಗೊತ್ತು. ಅವಳ ಫ್ಲಾಸ್ಕಿನ ಕಾಫಿ ಹಂಚಿಕೊಂಡೆವು. ಆದ್ದರಿಂದ ಸರ್, ಮಗಳು ಸೀಟು ತೆಗೆದುಕೊಂಡರೆ ಬೈಯಬೇಡಿ. ಅಳಿಯನಿಗೆ ಸ್ಕೂಲ್ ಕಮಿಟಿಯ ಸಭೆಗೆ ಹೋಗುವುದನ್ನು ಬಿಡಬೇಡಿ ಅಂತ ಹೇಳಿ. ಮೊಮ್ಮಗಳಿಗೆ ಹೊಸ ಶಾಲೆಗೆ ಬಸ್ಸು ಎಷ್ಟು ಹೊತ್ತಿಗೆ, ದಿನ ಎಷ್ಟು ಉದ್ದ, ಅಕ್ಕಪಕ್ಕದ ಗೆಳತಿಯರು ಎಲ್ಲಿಗೆ ಹೋಗುತ್ತಾರೆ, ಇದನ್ನೆಲ್ಲ ಇಬ್ಬರೂ ಕೂತು ನೋಡಲಿ.

ದಾವಣಗೆರೆಯವರಿಗೆ ಇನ್ನೊಂದು ಮಾತು ಬಾಕಿ ಇದೆ. ಬ್ಯಾಂಡ್ ನಿಂತ ಆ ಚಳಿಗಾಲ, ಯಜಮಾನರಿಗೂ ಹೇಳದೆ, ನಾನೂ ಒಂದು ಚಾರ್ಟರ್ ಶಾಲೆಗೆ ಅರ್ಜಿ ತುಂಬಿದ್ದೆ. ಮಾರ್ಚಿನಲ್ಲಿ ಪತ್ರ ಬಂತು, ವೇಟಿಂಗ್ ಲಿಸ್ಟಿನಲ್ಲಿ 61ನೇ ನಂಬರ್. ಸಿಕ್ಕಿದ್ದರೆ ಕಳಿಸುತ್ತಿದ್ದೆನಾ? ಕಳಿಸುತ್ತಿದ್ದೆ ಅಂತಲೇ ಕಾಣುತ್ತದೆ. ಆ ಪತ್ರ ಈಗಲೂ ಇದೆ, ಮೈಸೂರಿನ ಮನೆಯ ಬೀರುವಿನಲ್ಲಿ, ಅವನ ಮಾರ್ಕ್ಸ್ ಕಾರ್ಡುಗಳ ಕೆಳಗೆ.